ಸಂಪಾದಕರ ಉತ್ತರ: ತೋಡಿಗೆ ಇಳಿಯುವ ಗೊಬ್ಬರದ ನೀರು

ಶ್ರೀಮಂಗಲದ ಕಡೆಯ ಕಾಫಿ ಬೆಳೆಗಾರರೊಬ್ಬರು ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿರುವುದರಿಂದ ಹಾಕಿಲ್ಲ. ಪತ್ರದ ಸಾರ ಇಷ್ಟು: ಅವರ ತೋಟದ ಮೇಲಿನ ದಿಣ್ಣೆಯಲ್ಲಿ ನಾಲ್ಕು ವರ್ಷದ ಹಿಂದೆ ಒಂದು ಕೋಳಿ ಫಾರಂ ಬಂದಿತು. ನಡೆಸುವವರು ದೂರದ ನೆಂಟರೇ. ಅಲ್ಲಿಂದ ಅಗ್ಗಕ್ಕೆ ಸಿಗುವ ಗೊಬ್ಬರವನ್ನು ಇವರೂ ತೋಟಕ್ಕೆ ಹಾಕುತ್ತಾರೆ. ಶೆಡ್ ತೊಳೆದ ನೀರು ಇಳಿಯುವ ತೋಡಿಗೇ ಪಂಪ್ ಇಟ್ಟು, ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟ ವರ್ಷ ಸ್ಪ್ರಿಂಕ್ಲರ್ ಹಾಯಿಸುತ್ತಾರೆ. ಕಳೆದ ಮಳೆಗಾಲದ ಕೊನೆಗೆ ಅವರ ಎಪ್ಪತ್ತು ದಾಟಿದ ತಾಯಿಗೆ ಮೂತ್ರದ ಸೋಂಕು ಆಯಿತು. ಮೊದಲು ಕೊಟ್ಟ ಸಿಪ್ರೋಫ್ಲಾಕ್ಸಾಸಿನ್ ಎಂಬ ಆಂಟಿಬಯಾಟಿಕ್ ಮಾತ್ರೆ ನಾಟಲಿಲ್ಲ, ಎರಡನೆಯ ಮಾತ್ರೆಯೂ ನಾಟಲಿಲ್ಲ. ಕೊನೆಗೆ ಆಸ್ಪತ್ರೆಗೆ ಸೇರಿಸಿ ಹನ್ನೊಂದು ದಿನ ಚುಚ್ಚುಮದ್ದು ಕೊಡಿಸಬೇಕಾಯಿತು. ಇದಕ್ಕೆ ಆ ಫಾರಂ ಕಾರಣವೇ? ಮುಚ್ಚಿಸಲು ಪಂಚಾಯಿತಿಗೆ ಅರ್ಜಿ ಕೊಡಬೇಕೇ? ಕೋಳಿ, ಹಂದಿ ತಿನ್ನುವುದನ್ನು ಬಿಡಬೇಕೇ? ತೋಟದಲ್ಲಿ ರಾಶಿ ಬಿದ್ದಿರುವ ಎರಡು ಲೋಡ್ ಗೊಬ್ಬರವನ್ನು ಏನು ಮಾಡಲಿ? ಹೀಗೆ ಕೇಳಿ, ಕೊನೆಯಲ್ಲಿ ಒಂದು ಸಾಲು ಬರೆದಿದ್ದಾರೆ: “ಕೋಳಿ ಗೊಬ್ಬರ ಹಾಕಿ ಎಂದು ಹೇಳಿದ್ದು ನಿಮ್ಮ ಪತ್ರಿಕೆಯೇ.”

ಮಾನ್ಯರೇ,

ನಿಮ್ಮ ಕೊನೆಯ ಸಾಲಿಗೆ ಮೊದಲು ಉತ್ತರ ಕೊಡುತ್ತೇನೆ. ಹೌದು, ಹೇಳಿದ್ದು ನಾವೇ. ರಾಸಾಯನಿಕ ಗೊಬ್ಬರದ ಬೆಲೆ ಏರಿದ ವರ್ಷ ಕೋಳಿ ಗೊಬ್ಬರದ ಮೇಲೆ ಎರಡು ಪುಟಗಳ ಲೇಖನ ಹಾಕಿದ್ದೆವು. ಸಾರಜನಕ ಎಷ್ಟು ಸಿಗುತ್ತದೆ, ಎಕರೆಗೆ ಎಷ್ಟು ಬೇಕು, ಲಾರಿ ಬಾಡಿಗೆ ಎಷ್ಟು ಬೀಳುತ್ತದೆ ಎಂಬುದೆಲ್ಲ ಅದರಲ್ಲಿತ್ತು. ಶೆಡ್ಡಿನಿಂದ ತೆಗೆದ ಗೊಬ್ಬರವನ್ನು ಕಳಿಯಲು ಬಿಡದೆ ತೋಟಕ್ಕೆ ಚೆಲ್ಲಬಾರದು ಎಂಬ ಒಂದು ಸಾಲು ಇರಲಿಲ್ಲ. ಆ ಲೇಖನವನ್ನು ಅಚ್ಚಿಗೆ ಕಳಿಸುವ ಮೊದಲು ಎರಡು ಸಲ ಓದಿದವನು ನಾನು. ನಿಮ್ಮ ಪತ್ರ ಓದಿದ ಮೇಲೆ ಅದನ್ನು ಹುಡುಕಿ ತೆಗೆದು ಮೂರನೆಯ ಸಲ ಓದಿದೆ. ತಪ್ಪು ನನ್ನದು, ಕ್ಷಮೆ ಕೇಳುತ್ತೇನೆ.

ಇನ್ನು ಅವ್ವನ ಸೋಂಕಿನ ಮಾತು. ಆ ಫಾರಂ ಕಾರಣ ಎಂದು ಹೇಳಲು ಬರುವುದಿಲ್ಲ. ಮೂತ್ರದ ಸೋಂಕು ತರುವುದು ಹೆಚ್ಚಾಗಿ ನಮ್ಮ ಕರುಳಿನಲ್ಲೇ ವಾಸಿಸುವ ಇ. ಕೋಲೈ ಎಂಬ ಬ್ಯಾಕ್ಟೀರಿಯಾ. ಅದು ಮಾತ್ರೆಗೆ ಮಣಿಯದಂತಾಗಲು ಮನುಷ್ಯರಾದ ನಾವು ನುಂಗುವ ಮಾತ್ರೆಗಳೇ ದೊಡ್ಡ ಕಾರಣ. ನೆಗಡಿಗೂ ಆಂಟಿಬಯಾಟಿಕ್ ಕೇಳುತ್ತೇವೆ, ಐದು ದಿನದ ಮಾತ್ರೆಯನ್ನು ಎರಡೇ ದಿನಕ್ಕೆ ನಿಲ್ಲಿಸುತ್ತೇವೆ, ಹಿಂದಿನ ಚೀಟಿ ತೋರಿಸಿ ಮೆಡಿಕಲ್ ಶಾಪಿನಿಂದ ಮತ್ತೆ ತರುತ್ತೇವೆ. ಅವ್ವನ ಮೂತ್ರದಲ್ಲಿದ್ದ ಬ್ಯಾಕ್ಟೀರಿಯಾವನ್ನೂ ಫಾರಂನ ಬ್ಯಾಕ್ಟೀರಿಯಾವನ್ನೂ ಪಕ್ಕ ಪಕ್ಕ ಇಟ್ಟು ವಂಶವಾಹಿಗಳನ್ನು ಹೋಲಿಸಿ ನೋಡದೆ ನೆಂಟರ ಮೇಲೆ ಬೆರಳು ಮಾಡುವುದು ನ್ಯಾಯವಲ್ಲ. ಅರ್ಜಿ ಬರೆಯಬೇಡಿ. ಆದರೆ ನಿಮ್ಮ ಸಂಶಯವನ್ನು ನಾನು ತಳ್ಳಿಹಾಕುವುದಿಲ್ಲ. ಅದು ಸರಿಯಾದ ಜಾಗದಲ್ಲೇ ಹುಟ್ಟಿದೆ.

ನಿಮ್ಮ ಪತ್ರ ಬಂದ ವಾರವೇ ವಿರಾಜಪೇಟೆಯ ಹತ್ತಿರ ಪರಿಚಯದವರೊಬ್ಬರ ಫಾರಂಗೆ ಹೋಗಿದ್ದೆ. ಐದು ಸಾವಿರ ಮರಿಗಳ ಶೆಡ್. ನೆಲಕ್ಕೆ ಹೊಟ್ಟು ಹಾಸಿತ್ತು. ಇಪ್ಪತ್ತು ದಿನದ ಮರಿಗಳು, ಕಾಲಿಡಲು ಜಾಗವಿಲ್ಲದಷ್ಟು ಒತ್ತೊತ್ತಾಗಿ ಇದ್ದವು. ಶೆಡ್ಡಿನ ತುದಿಯಲ್ಲಿ ಕಟ್ಟೆ ಕಟ್ಟಿ ಅದರ ಮೇಲೆ ಕಪ್ಪು ನೀರಿನ ಟ್ಯಾಂಕ್ ಇಟ್ಟಿದ್ದರು. ಔಷಧ ಕೊಡುವುದೆಂದರೆ ಆ ಟ್ಯಾಂಕಿಗೆ ಸುರಿಯುವುದು. ಪಕ್ಕದ ಗೋಡೆಗೆ ದಾರ ಕಟ್ಟಿ ತೂಗುಹಾಕಿದ್ದ ನೋಟ್ ಪುಸ್ತಕವನ್ನು ಅವರೇ ಬಿಡಿಸಿ ತೋರಿಸಿದರು. ಎಷ್ಟನೆಯ ದಿನ, ಎಷ್ಟು ಮರಿ ಸತ್ತವು, ಎಷ್ಟು ಮೂಟೆ ತೀವನಿ, ಯಾವ ಔಷಧ ಎಷ್ಟು ಮಿಲಿ ಎಂದು ದಿನಕ್ಕೊಂದು ಸಾಲು. ಮರಿ ಬಂದ ಮೊದಲ ವಾರದ ಮೂರು ಸಾಲುಗಳಲ್ಲಿ ಎನ್ರೋಫ್ಲಾಕ್ಸಾಸಿನ್ ಎಂದು ಬರೆದಿತ್ತು. ಮರಿಗಳಿಗೆ ಏನಾಗಿತ್ತು ಎಂದು ಕೇಳಿದೆ. “ಏನೂ ಆಗಿರಲಿಲ್ಲ, ಆಗದಿರಲಿ ಎಂದು ಹಾಕುವುದು” ಎಂದರು. ಮರಿ, ತೀವನಿ, ಔಷಧ ಮೂರನ್ನೂ ಕಂಪನಿ ಕೊಡುತ್ತದೆ. ಇವರಿಗೆ ಸಿಗುವುದು ಕಿಲೋ ಲೆಕ್ಕದ ಸಾಕಣೆ ಕೂಲಿ. ಮರಿ ಹೆಚ್ಚು ಸತ್ತರೆ ಆ ಕೂಲಿಯೇ ಕೈತಪ್ಪುತ್ತದೆ. ಬ್ಯಾಂಕಿನ ಸಾಲದಲ್ಲಿ ಶೆಡ್ ಕಟ್ಟಿದ ಮನುಷ್ಯ ಟ್ಯಾಂಕಿಗೆ ಸುರಿಯದೆ ಇರುವ ಧೈರ್ಯ ಎಲ್ಲಿಂದ ತರಬೇಕು?

ಎನ್ರೋಫ್ಲಾಕ್ಸಾಸಿನ್ ಎಂಬ ಆ ಹೆಸರನ್ನು ನೆನಪಿಟ್ಟುಕೊಳ್ಳಿ. ಅವ್ವನಿಗೆ ನಾಟದೆ ಹೋದ ಸಿಪ್ರೋಫ್ಲಾಕ್ಸಾಸಿನ್‌ಗೆ ಇದು ಒಡಹುಟ್ಟು. ಕೋಳಿಯ ದೇಹದಲ್ಲಿ ಇದರ ಒಂದು ಪಾಲು ಸಿಪ್ರೋಫ್ಲಾಕ್ಸಾಸಿನ್ ಆಗಿಯೇ ಮಾರ್ಪಡುತ್ತದೆ. ಒಂದಕ್ಕೆ ಬಗ್ಗದ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಇನ್ನೊಂದಕ್ಕೂ ಬಗ್ಗುವುದಿಲ್ಲ. ಅಮೆರಿಕವು 2005ರಲ್ಲಿ ಕೋಳಿಗಳಿಗೆ ಎನ್ರೋಫ್ಲಾಕ್ಸಾಸಿನ್ ಕೊಡುವುದನ್ನು ನಿಷೇಧಿಸಿದ್ದು ಇದೇ ಕಾರಣಕ್ಕೆ.

ಕೋಳಿಯ ಕರುಳಿನಲ್ಲಿ ಏನು ನಡೆಯುತ್ತದೆ ನೋಡೋಣ. ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳಲ್ಲಿ ಬೆರಳೆಣಿಕೆಯಷ್ಟು ಹೇಗೋ ಔಷಧವನ್ನು ತಾಳಿಕೊಳ್ಳುವ ಗುಣ ಪಡೆದಿರುತ್ತವೆ. ಔಷಧ ಇಲ್ಲದಿರುವಾಗ ಅವು ಗುಂಪಿನಲ್ಲಿ ಗೋವಿಂದ. ಟ್ಯಾಂಕಿಗೆ ಔಷಧ ಬಿದ್ದಾಗ ಉಳಿದವು ಸಾಯುತ್ತವೆ, ಜಾಗವೆಲ್ಲ ಇವುಗಳ ಪಾಲಾಗುತ್ತದೆ. ಅನುಕೂಲ ಸಿಕ್ಕರೆ ಇ. ಕೋಲೈ ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಎರಡಾಗುತ್ತದೆ. ಬೆಳಗ್ಗೆ ಒಂದಿದ್ದದ್ದು ಸಂಜೆಯ ಹೊತ್ತಿಗೆ ಎಷ್ಟಾಗುತ್ತದೆ ಎಂದು ನೀವೇ ಲೆಕ್ಕ ಹಾಕಿ. ಇನ್ನೂ ಕಷ್ಟದ ಸಂಗತಿ ಮುಂದಿದೆ. ಈ ಗುಣ ತಾಯಿಯಿಂದ ಮಕ್ಕಳಿಗೆ ಮಾತ್ರ ಹೋಗುವುದಿಲ್ಲ. ನಾವು ಬೇಲಿಯಾಚೆಯವರಿಗೆ ಕಾಳುಮೆಣಸಿನ ಒಳ್ಳೆಯ ಬಳ್ಳಿಯ ಕಡ್ಡಿ ಕೊಡುವ ಹಾಗೆ, ಒಂದು ಬ್ಯಾಕ್ಟೀರಿಯಾ ಆ ಗುಣವಿರುವ ಪುಟ್ಟ ವಂಶವಾಹಿ ಉಂಗುರವನ್ನು ಪಕ್ಕದ ಬ್ಯಾಕ್ಟೀರಿಯಾಕ್ಕೆ ದಾಟಿಸುತ್ತದೆ. ಪ್ಲಾಸ್ಮಿಡ್ ಎಂದು ಅದರ ಹೆಸರು. ಪಕ್ಕದ್ದು ಅದೇ ಜಾತಿಯದಾಗಬೇಕೆಂದಿಲ್ಲ. ಕೋಳಿಗೆ ಏನೂ ತೊಂದರೆ ಮಾಡದ ಬಡಪಾಯಿ ಬ್ಯಾಕ್ಟೀರಿಯಾದಿಂದ ಮನುಷ್ಯರಿಗೆ ರೋಗ ತರುವ ಬ್ಯಾಕ್ಟೀರಿಯಾಕ್ಕೆ ಅದು ಹೋಗಬಹುದು. ಒಂದೇ ಉಂಗುರದಲ್ಲಿ ನಾಲ್ಕೈದು ಔಷಧಗಳನ್ನು ತಾಳುವ ಗುಣ ಒಟ್ಟಿಗೆ ಇರುವುದೂ ಉಂಟು. ಹಾಗಾಗಿ ಒಂದು ಔಷಧ ಸುರಿದರೆ ಸುರಿಯದ ಔಷಧಗಳೂ ಕೆಲಸಕ್ಕೆ ಬಾರದಂತಾಗುತ್ತವೆ.

ಇದು ಶೆಡ್ಡಿನಿಂದ ಮನೆಯೊಳಗೆ ಬರುತ್ತದೆಯೇ ಎಂಬ ನಿಮ್ಮ ಪ್ರಶ್ನೆಗೆ ಐವತ್ತು ವರ್ಷದ ಹಿಂದೆಯೇ ಉತ್ತರ ಸಿಕ್ಕಿದೆ. ಬಾಸ್ಟನ್ ನಗರದ ವೈದ್ಯ ವಿಜ್ಞಾನಿ ಸ್ಟುವರ್ಟ್ ಲೆವಿ ಒಂದು ಕುಟುಂಬದ ಸಣ್ಣ ಜಮೀನಿನಲ್ಲಿ 300 ಕೋಳಿ ಮರಿ ಸಾಕಿಸಿದರು. ಅರ್ಧ ಮರಿಗಳಿಗೆ ಬರೀ ತೀವನಿ, ಉಳಿದರ್ಧಕ್ಕೆ ಟೆಟ್ರಾಸೈಕ್ಲಿನ್ ಬೆರೆಸಿದ ತೀವನಿ. ಒಂದು ವಾರದೊಳಗೆ ಔಷಧ ತಿಂದ ಕೋಳಿಗಳ ಹಿಕ್ಕೆಯ ತುಂಬ ಟೆಟ್ರಾಸೈಕ್ಲಿನ್‌ಗೆ ಬಗ್ಗದ ಬ್ಯಾಕ್ಟೀರಿಯಾ. ಆರು ತಿಂಗಳಾಗುವಷ್ಟರಲ್ಲಿ, ಆ ಔಷಧವನ್ನೇ ಮುಟ್ಟದ ಮನೆಯವರ ಮಲದಲ್ಲೂ ಅವು ಹೆಚ್ಚಿದ್ದವು. ಅಕ್ಕಪಕ್ಕದ ಮನೆಗಳವರಲ್ಲಿ ಹಾಗಾಗಿರಲಿಲ್ಲ. 1976ರಲ್ಲಿ ಇದು ಪ್ರಕಟವಾಯಿತು. ಔಷಧದ ತೀವನಿ ನಿಲ್ಲಿಸಿದ ಮೇಲೆ ಮನೆಯವರಲ್ಲಿ ಹೆಚ್ಚಿನವರ ಕರುಳಿನಿಂದ ಆ ಬ್ಯಾಕ್ಟೀರಿಯಾಗಳು ಕ್ರಮೇಣ ಮರೆಯಾದವು. ಈ ಕೊನೆಯ ಭಾಗವನ್ನು ಜನ ಅಷ್ಟಾಗಿ ಹೇಳುವುದಿಲ್ಲ. ನನಗೆ ಅದೇ ಮುಖ್ಯವೆನಿಸುತ್ತದೆ.

ನಮ್ಮ ದೇಶದ ಮಾತಿಗೆ ಬಂದರೆ, ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದವರು 2017ರಲ್ಲಿ ಉತ್ತರದ ನಾಲ್ಕು ರಾಜ್ಯಗಳ ಹನ್ನೆರಡು ಕೋಳಿ ಫಾರಂಗಳಲ್ಲಿ ಶೆಡ್ಡಿನ ಗೊಬ್ಬರವನ್ನೂ ಸುತ್ತಲಿನ ಹೊಲಗಳ ಮಣ್ಣನ್ನೂ ಪರೀಕ್ಷಿಸಿದರು. ಗೊಬ್ಬರದಲ್ಲಿದ್ದ ಇ. ಕೋಲೈ ಹಲವು ಔಷಧಗಳಿಗೆ ಬಗ್ಗುತ್ತಿರಲಿಲ್ಲ. ಅಂಥದ್ದೇ ಇ. ಕೋಲೈ ಹೊರಗಿನ ಹೊಲದಲ್ಲೂ ಸಿಕ್ಕಿತು. ಗೊಬ್ಬರವೇ ಅದನ್ನು ಹೊತ್ತುಕೊಂಡು ಹೋಗಿತ್ತು.

ಕೊಲಿಸ್ಟಿನ್ ಕತೆಯನ್ನೂ ಹೇಳಬೇಕು. ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆಂದು ವೈದ್ಯರು ಹೆಚ್ಚುಕಡಿಮೆ ಕೈಬಿಟ್ಟಿದ್ದ ಹಳೆಯ ಔಷಧ ಅದು. ಬೇರೆ ಯಾವುದೂ ನಾಟದ ಸ್ಥಿತಿ ಬಂದಾಗ ತೀವ್ರ ನಿಗಾ ಘಟಕಗಳಲ್ಲಿ ಕೊನೆಯ ಆಸರೆಯಾಗಿ ಮತ್ತೆ ಅದನ್ನೇ ಹಿಡಿದುಕೊಂಡರು. ಅದೇ ಹೊತ್ತಿಗೆ ಕೋಳಿ, ಹಂದಿಗಳು ಬೇಗ ಮೈದುಂಬಲಿ ಎಂದು ತೀವನಿಯಲ್ಲಿ ಅದನ್ನೇ ಬೆರೆಸುತ್ತಿದ್ದರು. 2015ರಲ್ಲಿ ಚೀನಾದ ವಿಜ್ಞಾನಿಗಳು ಹಂದಿಗಳಲ್ಲಿ ಕೊಲಿಸ್ಟಿನ್‌ಗೆ ಬಗ್ಗದ ಗುಣವನ್ನು ಪ್ಲಾಸ್ಮಿಡ್ ಮೇಲೆ ಕಂಡರು. ಅದು ಮಾಂಸದಲ್ಲೂ ಆಸ್ಪತ್ರೆಯ ರೋಗಿಗಳಲ್ಲೂ ಸಿಕ್ಕಿತು. ಭಾರತ ಸರ್ಕಾರ 2019ರ ಜುಲೈನಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಕೊಡುವುದನ್ನು ನಿಷೇಧಿಸಿತು. ಒಳ್ಳೆಯ ಕೆಲಸ. ಅದೇ 2019ರಲ್ಲಿ, ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳಿಂದಲೇ ಜಗತ್ತಿನಲ್ಲಿ ಸುಮಾರು 12 ಲಕ್ಷ 70 ಸಾವಿರ ಜನ ಸತ್ತರು ಎಂದು ಅಂದಾಜಾಗಿದೆ.

ಕೊಡಗಿನಲ್ಲಿ ನಾವು ಇದಕ್ಕೆ ಹೆಚ್ಚು ಹೆದರಬೇಕಾದದ್ದು ನಮ್ಮ ಇಳಿಜಾರು ಮತ್ತು ನಮ್ಮ ಮಳೆಯ ಕಾರಣಕ್ಕೆ. ಬಯಲುಸೀಮೆಯಲ್ಲಿ ಹೊಲಕ್ಕೆ ಚೆಲ್ಲಿದ ಗೊಬ್ಬರ ಬಹುಮಟ್ಟಿಗೆ ಹೊಲದಲ್ಲೇ ಇರುತ್ತದೆ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಮೀರುವ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಮೇ ಕೊನೆಯಲ್ಲಿ ಕಾಫಿ ಬುಡಕ್ಕೆ ಹಾಕಿದ ಹಸಿ ಗೊಬ್ಬರದ ನೀರು ಜೂನ್ ಎರಡನೆಯ ವಾರ ಎಲ್ಲಿರುತ್ತದೆ? ತೋಟದಿಂದ ಗದ್ದೆಗೆ, ಗದ್ದೆಯಿಂದ ತೋಡಿಗೆ, ನಿಮ್ಮ ಕಡೆಯ ತೋಡುಗಳಿಂದ ಲಕ್ಷ್ಮಣತೀರ್ಥಕ್ಕೆ, ಅಲ್ಲಿಂದ ಹುಣಸೂರು ದಾಟಿ ಕನ್ನಂಬಾಡಿಗೆ. ಕುಡಿಯಲು ಕಾವೇರಿಯನ್ನು ನಂಬಿರುವ ಮೈಸೂರು, ಬೆಂಗಳೂರಿನ ಜನಕ್ಕೆ ನೀರು ಶುದ್ಧೀಕರಿಸಿ ಹೋಗುತ್ತದೆ. ತೋಡಿನ ಪಕ್ಕದ ಲೈನ್ ಮನೆಗಳಲ್ಲಿರುವ ತೋಟದ ಕೆಲಸಗಾರರಿಗೆ ಯಾರು ಶುದ್ಧೀಕರಿಸಿ ಕೊಡುತ್ತಾರೆ? ಅವರ ಮಕ್ಕಳು ಆ ತೋಡಿನಲ್ಲೇ ಈಜುತ್ತಾರೆ, ಹೆಂಗಸರು ಅದರಲ್ಲೇ ಪಾತ್ರೆ ತೊಳೆಯುತ್ತಾರೆ. ನಿಮ್ಮ ಪತ್ರದಲ್ಲಿ ಅವರ ಮಾತು ಬಂದಿಲ್ಲ, ಆದ್ದರಿಂದ ನೆನಪಿಸುತ್ತಿದ್ದೇನೆ. 2019ರ ಆಗಸ್ಟ್‌ನಲ್ಲಿ ಕರಡಿಗೋಡು, ನೆಲ್ಯಹುದಿಕೇರಿಗಳಲ್ಲಿ ಕಾವೇರಿ ಮನೆಯೊಳಗೆ ನುಗ್ಗಿದಾಗ ದಂಡೆಯ ಮೇಲಿದ್ದ ಎಲ್ಲರ ಕೊಟ್ಟಿಗೆ, ಗೂಡು, ಗುಂಡಿಗಳೂ ಆ ನೀರಿನಲ್ಲಿದ್ದವು.

ಹಿಕ್ಕೆಯಲ್ಲಿ ಹೋಗುವುದು ಬ್ಯಾಕ್ಟೀರಿಯಾ ಮಾತ್ರವಲ್ಲ. ಕೊಟ್ಟ ಔಷಧದ ದೊಡ್ಡ ಪಾಲು ಅನೇಕ ವೇಳೆ ಜೀರ್ಣವಾಗದೆ ಹಾಗೆಯೇ ಹೊರಬೀಳುತ್ತದೆ. ಟೆಟ್ರಾಸೈಕ್ಲಿನ್ ಜಾತಿಯವು ಮಣ್ಣಿಗೆ ಅಂಟಿಕೊಂಡು ಕೂರುತ್ತವೆ, ಸಲ್ಫಾ ಜಾತಿಯವು ನೀರಿನ ಜೊತೆ ಹರಿಯುತ್ತವೆ. ನಮ್ಮ ತೋಟಗಳಲ್ಲಿ ಇನ್ನೊಂದು ವಿಶೇಷವಿದೆ: ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್. ಕಾಫಿಯ ಎಲೆ ತುಕ್ಕಿಗೆ, ಮೆಣಸಿನ ಸೊರಗು ರೋಗಕ್ಕೆ ತಲೆಮಾರುಗಳಿಂದ ಅದಕ್ಕೆ ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯುತ್ತಾ ಬಂದಿದ್ದೇವೆ, ಆ ತಾಮ್ರ ಮಣ್ಣಿನಲ್ಲಿ ಉಳಿಯುತ್ತದೆ. ತಾಮ್ರವನ್ನು ತಾಳುವ ಗುಣ ಮತ್ತು ಔಷಧವನ್ನು ತಾಳುವ ಗುಣ ಎಷ್ಟೋ ಬ್ಯಾಕ್ಟೀರಿಯಾಗಳಲ್ಲಿ ಜೊತೆಜೊತೆಗೆ ಇರುತ್ತವೆ. ತಾಮ್ರ ಹೆಚ್ಚಿರುವ ಮಣ್ಣಿನಲ್ಲಿ ಇಂಥವಕ್ಕೆ ಮೇಲುಗೈ ಎಂದು ಡೆನ್ಮಾರ್ಕಿನ ಪ್ರಯೋಗಗಳು ತೋರಿಸಿವೆ. ಬೋರ್ಡೋ ನಿಲ್ಲಿಸಿ ಎನ್ನುತ್ತಿಲ್ಲ. ತಾಮ್ರ ಕುಡಿದ ಮಣ್ಣಿಗೆ ಹಸಿ ಕೋಳಿ ಗೊಬ್ಬರ ಸುರಿಯುವಾಗ ನಾವು ಎರಡು ಪಟ್ಟು ಎಚ್ಚರವಾಗಿರಬೇಕು ಎನ್ನುತ್ತಿದ್ದೇನೆ. ಶುಂಠಿಯ ಸೊರಗು ರೋಗಕ್ಕೆ ಸ್ಟ್ರೆಪ್ಟೋಸೈಕ್ಲಿನ್ ಪುಡಿ ಕದಡಿ ಬುಡಕ್ಕೆ ಹುಯ್ಯುವವರೂ ಇದೇ ಸಾಲಿನಲ್ಲಿ ಬರುತ್ತಾರೆ. ಅದೂ ಆಂಟಿಬಯಾಟಿಕ್ಕೇ.

ಇನ್ನು ಊಟದ ವಿಷಯ, ಇದಕ್ಕೆ ಹೆಚ್ಚು ಮಾತು ಬೇಡ. ಪಂದಿ ಕರಿಯನ್ನು ಬಿಡಬೇಕಿಲ್ಲ. ಅಷ್ಟು ಹೊತ್ತು ಕುದಿಯುವ ಸಾರಿನಲ್ಲಿ ಇ. ಕೋಲೈಯಂಥ ಬ್ಯಾಕ್ಟೀರಿಯಾಗಳು ಬದುಕುವುದಿಲ್ಲ. ಅಪಾಯವಿರುವುದು ಹಸಿ ಮಾಂಸ ಕೊಯ್ದ ಕತ್ತಿ, ಹಲಗೆ ಮತ್ತು ಕೈಯಲ್ಲಿ. ಅದೇ ಹಲಗೆಯ ಮೇಲೆ ಸೌತೆಕಾಯಿ ಹೆಚ್ಚಬೇಡಿ. ಹಂದಿ ಸಾಕುವವರಿಗೆ ಒಂದು ಮಾತು. ನಾನು ಹುಡುಗನಾಗಿದ್ದಾಗ ನಮ್ಮ ಮನೆಯ ಹಿಂದೆ ಎರಡು ಹಂದಿ ಇರುತ್ತಿದ್ದವು, ಔಷಧವೆಂದರೆ ಏನೆಂದು ಅವಕ್ಕೆ ಗೊತ್ತಿರಲಿಲ್ಲ. ಈಗ ನೂರಾರು ಹಂದಿಗಳ ಗೂಡುಗಳಿವೆ, ಗೂಡು ತೊಳೆದ ನೀರು ಗುಂಡಿ ತುಂಬಿ ಹರಿಯುತ್ತದೆ. ಆಫ್ರಿಕನ್ ಹಂದಿ ಜ್ವರದ ಸುದ್ದಿ ಬಂದಾಗೆಲ್ಲ ಹೆದರಿ ಆಂಟಿಬಯಾಟಿಕ್ ಚುಚ್ಚಿಸುವವರನ್ನು ನೋಡಿದ್ದೇನೆ. ಅದು ವೈರಸ್ ತರುವ ರೋಗ. ಆಂಟಿಬಯಾಟಿಕ್ಕಿಗೂ ಅದಕ್ಕೂ ಸಂಬಂಧವೇ ಇಲ್ಲ. ದುಡ್ಡೂ ಹೋಗುತ್ತದೆ, ಹಂದಿಯೂ ಹೋಗುತ್ತದೆ, ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಮಾತ್ರ ಉಳಿಯುತ್ತದೆ.

ಇದೆಲ್ಲ ಕೇಳಿ ಕೈಚೆಲ್ಲಬೇಡಿ. ಡೆನ್ಮಾರ್ಕಿನಲ್ಲಿ ಕೋಳಿಗಳ ತೀವನಿಗೆ ಅವೋಪಾರ್ಸಿನ್ ಎಂಬ ಔಷಧ ಬೆರೆಸುತ್ತಿದ್ದರು. ಮನುಷ್ಯರಿಗೆ ಕೊಡುವ ವ್ಯಾಂಕೋಮೈಸಿನ್‌ಗೆ ಅದು ಹತ್ತಿರದ ನೆಂಟ. 1995ರಲ್ಲಿ ಅದನ್ನು ನಿಷೇಧಿಸಿದಾಗ ಕೋಳಿಗಳಿಂದ ತೆಗೆದ ಒಂದು ಜಾತಿಯ ಬ್ಯಾಕ್ಟೀರಿಯಾದಲ್ಲಿ ಶೇಕಡಾ 70ಕ್ಕೂ ಹೆಚ್ಚು ವ್ಯಾಂಕೋಮೈಸಿನ್‌ಗೆ ಬಗ್ಗದವು. 2000ದ ಹೊತ್ತಿಗೆ ಅದು ಶೇಕಡಾ 6ಕ್ಕಿಂತ ಕೆಳಗಿಳಿಯಿತು. ಐದೇ ವರ್ಷ! ಹಂದಿಗಳಲ್ಲಿ ಮಾತ್ರ ಇಳಿಯಲಿಲ್ಲ. ಯಾಕೆಂದರೆ ಅವಕ್ಕೆ ಟೈಲೋಸಿನ್ ಎಂಬ ಇನ್ನೊಂದು ಔಷಧ ಕೊಡುವುದು ಮುಂದುವರಿದಿತ್ತು, ಎರಡೂ ಗುಣಗಳು ಒಂದೇ ಉಂಗುರದಲ್ಲಿದ್ದವು. ಅದನ್ನೂ ನಿಲ್ಲಿಸಿದ ಮೇಲೆ ಅಲ್ಲೂ ಇಳಿಯಿತು. ಯುರೋಪಿನ ಒಕ್ಕೂಟ 2006ರಿಂದ ಬೆಳವಣಿಗೆಗೆಂದು ಆಂಟಿಬಯಾಟಿಕ್ ತಿನ್ನಿಸುವುದನ್ನೇ ನಿಷೇಧಿಸಿದೆ. ಅಲ್ಲಿ ಕೋಳಿಯೂ ಇದೆ, ಹಂದಿಯೂ ಇದೆ, ಸಾಕುವವರೂ ಇದ್ದಾರೆ.

ಹಾಗಾಗಿ ನಿಮ್ಮ ನೆಂಟರ ಮನೆಗೆ ಅರ್ಜಿ ಹಿಡಿದು ಹೋಗುವ ಬದಲು ಬರಿಗೈಯಲ್ಲಿ ಹೋಗಿ. ಗೋಡೆಗೆ ತೂಗುಹಾಕಿದ ಪುಸ್ತಕ ಅವರಲ್ಲೂ ಇರುತ್ತದೆ, ಒಟ್ಟಿಗೆ ಕೂತು ನೋಡಿ. ರೋಗವಿಲ್ಲದ ದಿನ ಟ್ಯಾಂಕಿಗೆ ಬಿದ್ದ ಔಷಧ ಯಾವುದು, ಯಾರು ಹೇಳಿ ಹಾಕಿಸಿದ್ದು, ಪಶುವೈದ್ಯರ ಚೀಟಿ ಇತ್ತೇ ಎಂದು ಕೇಳಿ. ಕಂಪನಿಯ ಮೇಲ್ವಿಚಾರಕರನ್ನು ಒಬ್ಬರೇ ಕೇಳಿದರೆ ಅವರು ಕಿವಿಗೊಡದೆ ಇರಬಹುದು. ಸುತ್ತಲಿನ ಏಳೆಂಟು ಫಾರಂನವರು ಒಟ್ಟಾಗಿ, ರೋಗ ಬಂದಾಗ ವೈದ್ಯರ ಚೀಟಿಯ ಮೇಲೆ ಕೊಡುತ್ತೇವೆ, ಬರದಿದ್ದಾಗ ಕೊಡುವುದಿಲ್ಲ ಎಂದರೆ ಕೇಳಲೇಬೇಕಾಗುತ್ತದೆ. ಬ್ಯಾಚಿನ ನಡುವೆ ಶೆಡ್ ಒಣಗಲು ಹೆಚ್ಚು ದಿನ ಬಿಡುವುದು, ಮರಿಗಳನ್ನು ಸ್ವಲ್ಪ ವಿರಳವಾಗಿ ಹಾಕುವುದು, ಸಮಯಕ್ಕೆ ಲಸಿಕೆ, ಕುಡಿಯುವ ನೀರಿಗೆ ಕ್ಲೋರಿನ್: ಔಷಧದ ಅಗತ್ಯವನ್ನೇ ಇಳಿಸುವ ಕೆಲಸಗಳು ಇವು. ತೊಳೆದ ನೀರು ನೇರ ತೋಡಿಗೆ ಹೋಗದಂತೆ ಒಂದು ಇಂಗುಗುಂಡಿ ತೋಡಿಸಲು ನಿಮ್ಮ ತೋಟದ ಇಬ್ಬರು ಆಳುಗಳನ್ನು ಎರಡು ದಿನ ಕಳಿಸಿ. ಗುಂಡಿ ತೋಡಿನಿಂದಲೂ ಬಾವಿಯಿಂದಲೂ ದೂರವಿರಲಿ. ಅವರ ಗೊಬ್ಬರದಿಂದ ಲಾಭ ಪಡೆದವರು ನೀವು, ಅಷ್ಟು ಮಾಡುವುದು ಧರ್ಮ.

ನಿಮ್ಮ ಎರಡು ಲೋಡ್ ಗೊಬ್ಬರದ ವಿಚಾರ. ಮಳೆ ಹಿಡಿಯುವ ಮೊದಲು ಅದನ್ನು ತೋಡಿನಿಂದ ದೂರ, ನೀರು ನಿಲ್ಲದ ಎತ್ತರದ ಜಾಗಕ್ಕೆ ಸಾಗಿಸಿ. ಬರೀ ಕೋಳಿ ಗೊಬ್ಬರ ಸರಿಯಾಗಿ ಕಳಿಯುವುದಿಲ್ಲ, ಸಾರಜನಕ ಜಾಸ್ತಿ. ಕಾಫಿ ಹೊಟ್ಟು, ನೆರಳು ಮರದ ತರಗು, ಒಣ ಹುಲ್ಲು ಏನಿದೆಯೋ ಅದನ್ನು ಪದರ ಪದರವಾಗಿ ಬೆರೆಸಿ ಎದೆಮಟ್ಟದ ರಾಶಿ ಹಾಕಿ. ಮುಷ್ಟಿಯಲ್ಲಿ ಹಿಡಿದು ಹಿಂಡಿದರೆ ಒಂದೆರಡು ಹನಿ ತೊಟ್ಟಿಕ್ಕುವಷ್ಟು ತೇವ ಸಾಕು. ಮೇಲೆ ಟಾರ್ಪಾಲಿನ ಚಪ್ಪರ ಬೇಕೇ ಬೇಕು. ಮೂರನೆಯ ದಿನ ಒಂದು ಕಬ್ಬಿಣದ ಸರಳನ್ನು ರಾಶಿಯ ನಡುವಿಗೆ ಚುಚ್ಚಿ, ಐದು ನಿಮಿಷ ಬಿಟ್ಟು ಎಳೆದು ಮುಟ್ಟಿ ನೋಡಿ. ಹಿಡಿದುಕೊಳ್ಳಲಾಗದಷ್ಟು ಸುಡಬೇಕು. 55 ಡಿಗ್ರಿ ಮೇಲಿನ ಆ ಕಾವು ಎರಡು ವಾರ ಉಳಿಯಬೇಕು, ಅಷ್ಟರಲ್ಲಿ ನಾಲ್ಕೈದು ಸಲ ಒಳಗಿನದು ಹೊರಗೆ, ಹೊರಗಿನದು ಒಳಗೆ ಬರುವಂತೆ ಮಗುಚಿ. ಕಾವು ತಣಿದ ಮೇಲೂ ಎರಡು ತಿಂಗಳು ಬಿಡಿ. ಇದರಿಂದ ರೋಗ ತರುವ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವು ಸಾಯುತ್ತವೆ, ಔಷಧದ ಉಳಿಕೆಯೂ ಬಹಳಷ್ಟು ಒಡೆಯುತ್ತದೆ. ಎಲ್ಲವೂ ಹೋಗುತ್ತದೆ ಎಂದು ಸುಳ್ಳು ಹೇಳುವುದಿಲ್ಲ. ಆದರೆ ಹಸಿಯಾಗಿ ಚೆಲ್ಲುವುದಕ್ಕೂ ಇದಕ್ಕೂ ಅಜಗಜಾಂತರ. ಮಳೆ ಬಿಟ್ಟ ಮೇಲೆ, ಸೆಪ್ಟೆಂಬರ್ ಕೊನೆಗೆ ತೋಟಕ್ಕೆ ಹಾಕಿ. ತೋಡಿನ ಅಂಚಿನ ಕೆಲವು ಸಾಲು ಗಿಡಗಳನ್ನು ಬಿಟ್ಟು. ರಾಶಿ ಮಗುಚುವವರಿಗೆ ಕೈಗವಸು, ಗಂಬೂಟು ಕೊಡಿಸಿ. ಕೆಲಸ ಮುಗಿದ ಮೇಲೆ ಸಾಬೂನು ಹಾಕಿ ಕೈಕಾಲು ತೊಳೆದೇ ಅವರು ಬುತ್ತಿ ಬಿಚ್ಚಲಿ.

ಹಳೆಯ ಲೇಖನದ ತಿದ್ದುಪಡಿಯನ್ನು ಈ ಸಂಚಿಕೆಯಲ್ಲೇ, ಅದು ಬಂದಿದ್ದಷ್ಟೇ ದೊಡ್ಡ ಅಕ್ಷರದಲ್ಲಿ ಹಾಕಿದ್ದೇವೆ.

ಅವ್ವನಿಗೆ ಮಾಡಿಸಿದ ಮೂತ್ರದ ಕಲ್ಚರ್ ವರದಿಯ ನಕಲನ್ನು ನೀವು ಪತ್ರದ ಜೊತೆ ಇಟ್ಟಿದ್ದಿರಿ. ಸಾಲುಸಾಲಾಗಿ ಔಷಧಗಳ ಹೆಸರು, ಎದುರಿಗೆ ಒಂದೊಂದು ಅಕ್ಷರ: ‘ಎಸ್’ ಎಂದಿದ್ದರೆ ನಾಟುತ್ತದೆ, ‘ಆರ್’ ಎಂದಿದ್ದರೆ ನಾಟುವುದಿಲ್ಲ. ಅವ್ವನ ವರದಿಯಲ್ಲಿ ‘ಎಸ್’ ಇರುವುದು ನಾಲ್ಕೇ ಕಡೆ. ಮೂಲ ಪ್ರತಿಯನ್ನು ಜೋಪಾನವಾಗಿಡಿ. ಅವರಿಗೆ ಮತ್ತೆ ಉರಿಮೂತ್ರವೋ ಚಳಿಜ್ವರವೋ ಬಂದರೆ, ವೈದ್ಯರು ಮಾತ್ರೆ ಬರೆಯುವ ಮೊದಲೇ ಆ ಹಾಳೆಯನ್ನು ಅವರ ಮೇಜಿನ ಮೇಲಿಡಿ, ಹೊಸದಾಗಿ ಕಲ್ಚರ್ ಮಾಡಿಸಬೇಕೇ ಎಂದು ಕೇಳಿ. ಅವ್ವನಿಗೆ ನನ್ನ ನಮಸ್ಕಾರ ತಿಳಿಸಿ.

ಸಂಪಾದಕ